ಕಾನೂನಿಗಿಂತ ಮುಂದೆ ನಡೆದ ಹಳ್ಳಿ

ಜಪಾನ್ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಹಿರೋಶಿಮಾ, ನಾಗಸಾಕಿ, ಆಮೇಲೆ ಬುಲೆಟ್ ರೈಲು, ಕಾರು, ಕ್ಯಾಮೆರಾ. ಅಲ್ಲಿಯ ಜನ ಬಹಳ ಕಾಲ ಬದುಕುತ್ತಾರೆ ಎಂಬುದನ್ನೂ ಆಗಾಗ ಪತ್ರಿಕೆಗಳಲ್ಲಿ ಓದುತ್ತೇವೆ. ಅವರ ಊಟ, ಅವರ ಶಿಸ್ತು, ಅವರ ದುಡಿಮೆ ಇದಕ್ಕೆ ಕಾರಣ ಎಂದು ಹೇಳಿ ಸುಮ್ಮನಾಗುತ್ತೇವೆ. ಅಲ್ಲಿ ಕಾಯಿಲೆ ಬಿದ್ದ ಬಡವ ಯಾರ ಬಾಗಿಲು ತಟ್ಟುತ್ತಾನೆ, ವೈದ್ಯನಿಗೆ ಹಣ ಕೊಡುವವರು ಯಾರು, ಆ ಹಣ ಸಾಲದೆ ಹೋದಾಗ ಯಾರು ಯಾರೊಂದಿಗೆ ಜಗಳವಾಡುತ್ತಾರೆ ಎಂದು ನಾವು ಕೇಳುವುದಿಲ್ಲ.

ಈ ಜಗಳಕ್ಕೆ ದೊಡ್ಡ ಚರಿತ್ರೆಯೇ ಇದೆ. ಜಪಾನಿನ ರಾಷ್ಟ್ರೀಯ ಆರೋಗ್ಯ ವಿಮಾ ಕಾನೂನು ಹುಟ್ಟಿದ್ದು 1938ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಹಲವು ಬಾರಿ ತಿದ್ದುಪಡಿಯಾಗಿದೆ. ದೊಡ್ಡ ತಿದ್ದುಪಡಿಗಳು ಬಂದಾಗಲೆಲ್ಲ ಊರಿನ ಕಚೇರಿಗಳಿಂದ, ಪಟ್ಟಣ ಸಭೆಗಳಿಂದ ಆತಂಕದ ದನಿಯೊಂದು ಕೇಳಿಬಂದಿದೆ. ಕಾನೂನು ಬರೆಯುವುದು ಟೋಕಿಯೊದಲ್ಲಿ. ಆದರೆ ವಿಮೆಯ ಕಂತು ವಸೂಲು ಮಾಡುವುದು, ಕಟ್ಟಲಾಗದವನಿಗೆ ನೋಟೀಸು ಕಳಿಸುವುದು, 'ನನ್ನ ಮಗುವಿಗೆ ಜ್ವರ, ಕಾರ್ಡ್ ಇಲ್ಲ, ಏನು ಮಾಡಲಿ' ಎಂದು ಬರುವ ತಾಯಿಗೆ ಉತ್ತರ ಕೊಡುವುದು ಎಲ್ಲವೂ ಊರಿನ ಕಚೇರಿಯ ಕೆಲಸ. ಹಾಗಾಗಿ ಆ ಆತಂಕವನ್ನು ಬರೇ ಲೆಕ್ಕಪತ್ರದ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಒಂದು ಸಣ್ಣ ಹಳ್ಳಿಯ ಕತೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಅದಕ್ಕೆ ಮೊದಲು ಈ ಕಾನೂನು ಹೇಗೆ ಹುಟ್ಟಿತು ಎಂಬುದನ್ನು ನೋಡೋಣ.

ಅಕ್ಕಿಯಿಂದ ಹುಟ್ಟಿದ ವಿಮೆ

ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಫುಕುವೊಕಾ ಎಂಬ ಪ್ರಾಂತ್ಯವಿದೆ. ಅದರ ಮುನಕಾತಾ ಸೀಮೆಯ ಹಳ್ಳಿಗಳಲ್ಲಿ 19ನೇ ಶತಮಾನದಿಂದಲೇ 'ಜೋರೇ' ಎಂಬ ಪದ್ಧತಿ ನಡೆದುಕೊಂಡು ಬಂದಿತ್ತು. ಹಳ್ಳಿಯ ಪ್ರತಿ ಮನೆಯೂ ತನ್ನ ಶಕ್ತಿಗೆ ತಕ್ಕಷ್ಟು ಅಕ್ಕಿಯನ್ನು ವೈದ್ಯನಿಗಾಗಿ ಎತ್ತಿಡುತ್ತಿತ್ತು. ಇದ್ದವರು ಹೆಚ್ಚು ಕೊಡಬೇಕು, ಇಲ್ಲದವರು ಕಡಿಮೆ ಕೊಟ್ಟರೆ ಸಾಕು, ಏನೂ ಇಲ್ಲದವರು ಕೊಡಬೇಕಾಗಿಲ್ಲ. ಕಾಯಿಲೆಯಾದಾಗ ಮಾತ್ರ ಎಲ್ಲರೂ ಒಂದೇ. ವೈದ್ಯ ಬಂದು ನೋಡುತ್ತಿದ್ದ, ಮದ್ದು ಕೊಡುತ್ತಿದ್ದ, ಹಣ ಕೇಳುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಬಡಗಿ, ಕಮ್ಮಾರ, ಕ್ಷೌರಿಕರಿಗೆ ಕೊಡುತ್ತಿದ್ದ 'ಆಯ'ವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಮದ್ರಸಾಕ್ಕೆಂದು ತೆಗೆದಿಡುವ ನಮ್ಮ ಮನೆಗಳ ಹೆಂಗಸರಿಗೂ ಅರ್ಥವಾಗುತ್ತದೆ.

ಜಪಾನಿನ ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆಯ ಕಾನೂನು 1922ರಲ್ಲೇ ಬಂದಿತ್ತು. ಅದು ಜಾರಿಯಾದದ್ದು 1927ರಲ್ಲಿ. ಆದರೆ ರೈತರಿಗೆ ಏನೂ ಇರಲಿಲ್ಲ. 1930ರ ಹೊತ್ತಿಗೆ ಜಗತ್ತಿನ ಆರ್ಥಿಕ ಕುಸಿತ ಜಪಾನಿನ ಹಳ್ಳಿಗಳಿಗೂ ತಟ್ಟಿತು. ರೇಷ್ಮೆಯ ಬೆಲೆ ಬಿತ್ತು, ಅಕ್ಕಿಯ ಬೆಲೆ ಬಿತ್ತು. 1934ರಲ್ಲಿ ಈಶಾನ್ಯದ ತೊಹೊಕು ಸೀಮೆಯಲ್ಲಿ ಚಳಿಗೆ ಬೆಳೆ ನಾಶವಾಗಿ ರೈತರು ಹೆಣ್ಣುಮಕ್ಕಳನ್ನೇ ಮಾರುವ ಸ್ಥಿತಿ ಬಂತು. ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಗದ್ದೆ ಹೋಗುತ್ತಿತ್ತು. ಸಾಲದ ದೊಡ್ಡ ಕಾರಣಗಳಲ್ಲಿ ವೈದ್ಯಕೀಯ ಖರ್ಚೂ ಒಂದು ಎಂಬುದು ಸರಕಾರಕ್ಕೂ ಗೊತ್ತಾಯಿತು. ಆಗ ಟೋಕಿಯೊದ ಅಧಿಕಾರಿಗಳು ದಾರಿ ಹುಡುಕುತ್ತಾ ಹೋಗಿ ನೋಡಿದ್ದು ಮುನಕಾತಾದ ಹಳ್ಳಿಗಳನ್ನು. 1938ರ ಕಾನೂನಿನ ಹಿಂದೆ ಈ ಅಕ್ಕಿಯ ಪದ್ಧತಿಯ ನೆರಳಿದೆ. ಕಾನೂನು ಹಳ್ಳಿಗೆ ದಾರಿ ತೋರಿಸುವ ಮೊದಲು ಹಳ್ಳಿಯೇ ಕಾನೂನಿಗೆ ದಾರಿ ತೋರಿಸಿತ್ತು ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಆದರೆ ಸರಕಾರದ ಉದ್ದೇಶ ಶುದ್ಧ ದಯೆಯದ್ದಾಗಿರಲಿಲ್ಲ. ಆ ಹೊತ್ತಿಗೆ ಚೀನಾದಲ್ಲಿ ಯುದ್ಧ ನಡೆದಿತ್ತು. ಸೈನ್ಯಕ್ಕೆ ಗಟ್ಟಿ ಹುಡುಗರು ಬೇಕಿತ್ತು, ಅವರು ಬರುತ್ತಿದ್ದುದು ಹಳ್ಳಿಗಳಿಂದ. ಅದೇ 1938ರ ಜನವರಿಯಲ್ಲಿ ಆರೋಗ್ಯ ಮತ್ತು ಕಲ್ಯಾಣಕ್ಕೆಂದು ಹೊಸ ಸಚಿವಾಲಯ ಸ್ಥಾಪನೆಯಾಯಿತು. ಆರೋಗ್ಯವಂತ ಪ್ರಜೆ ಎಂದರೆ ಆರೋಗ್ಯವಂತ ಸೈನಿಕ ಎಂಬುದು ಆ ಕಾಲದ ಘೋಷಣೆ. ಯುದ್ಧದ ವರ್ಷಗಳಲ್ಲಿ ಒತ್ತಾಯದಿಂದ ಬಹುತೇಕ ಹಳ್ಳಿಗಳಲ್ಲಿ ವಿಮಾ ಸಂಘಗಳು ಹುಟ್ಟಿಕೊಂಡವು. 1945ರಲ್ಲಿ ಜಪಾನ್ ಸೋತಾಗ ಅವುಗಳಲ್ಲಿ ಎಷ್ಟೋ ಸಂಘಗಳು ನೆಲಕಚ್ಚಿದವು. ಹಣದುಬ್ಬರದಲ್ಲಿ ಹಣಕ್ಕೆ ಬೆಲೆಯಿಲ್ಲ, ಔಷಧಿಯಿಲ್ಲ, ವೈದ್ಯರಿಲ್ಲ.

ವಿಮೆಯಿದೆ, ವೈದ್ಯನಿಲ್ಲ

1948ರ ತಿದ್ದುಪಡಿ ಈ ಮುರಿದ ಗಾಡಿಯನ್ನು ಊರಿನ ಆಡಳಿತದ ಹೆಗಲ ಮೇಲಿಟ್ಟಿತು. ಇನ್ನು ಮುಂದೆ ವಿಮೆ ನಡೆಸುವವರು ಸಂಘಗಳಲ್ಲ, ನಗರ, ಪಟ್ಟಣ ಮತ್ತು ಗ್ರಾಮಗಳ ಆಡಳಿತ. ಕಂತು ಸರಿಯಾಗಿ ಬರುವುದಿಲ್ಲ ಎಂದು ಊರಿನವರು ದೂರಿಕೊಂಡಾಗ 1951ರಲ್ಲಿ ಅದನ್ನು ತೆರಿಗೆಯ ರೂಪದಲ್ಲಿ ವಸೂಲು ಮಾಡಲು ಅವಕಾಶ ಕೊಟ್ಟರು. ಆದರೂ ವಿಮೆ ನಡೆಸುವುದು ಆಯಾ ಊರಿನ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 1950ರ ದಶಕದ ನಡುವಿನಲ್ಲಿ ದೇಶದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 3 ಕೋಟಿ ಜನರಿಗೆ ಯಾವ ವಿಮೆಯೂ ಇರಲಿಲ್ಲ.

1958ರ ಡಿಸೆಂಬರಿನಲ್ಲಿ ಹಳೆಯ ಕಾನೂನನ್ನು ಪೂರ್ತಿ ಬದಲಿಸಿ ಹೊಸ ಕಾನೂನು ತಂದರು. ಅದರಂತೆ 1961ರ ಏಪ್ರಿಲ್ ಒಳಗೆ ದೇಶದ ಪ್ರತಿ ನಗರ, ಪಟ್ಟಣ, ಗ್ರಾಮವೂ ವಿಮೆ ನಡೆಸಲೇಬೇಕು. ಬೇರೆ ವಿಮೆಯಿಲ್ಲದ ಎಲ್ಲರೂ ಅದರಲ್ಲಿ ಸೇರಲೇಬೇಕು. ಹೀಗೆ ಜಪಾನ್ ಎಲ್ಲ ಪ್ರಜೆಗಳಿಗೂ ಆರೋಗ್ಯ ವಿಮೆ ಕೊಟ್ಟ ದೇಶಗಳ ಸಾಲಿಗೆ ಸೇರಿತು. ಚರಿತ್ರೆಯ ಪುಸ್ತಕಗಳು ಇದನ್ನು ಹೆಮ್ಮೆಯಿಂದ ಬರೆಯುತ್ತವೆ. ಹೆಮ್ಮೆಪಡಬೇಕಾದದ್ದೂ ಹೌದು.

ಆದರೆ ಗುಡ್ಡಗಾಡಿನ ಹಳ್ಳಿಗೆ ಇದು ಬೇರೆಯದೇ ರೀತಿಯಲ್ಲಿ ಕಾಣಿಸಿತು. ಕಂತು ಕಟ್ಟಬೇಕು, ಆದರೆ ಊರಿನಲ್ಲಿ ವೈದ್ಯನೇ ಇಲ್ಲ. ವಿಮೆಯಿದ್ದೂ ಚಿಕಿತ್ಸೆಯಿಲ್ಲ ಎಂಬ ಮಾತು ಜಪಾನಿನಲ್ಲಿ ಗಾದೆಯಂತೆ ಬಳಕೆಗೆ ಬಂತು. ವೈದ್ಯನಿದ್ದರೂ ಇನ್ನೊಂದು ತೊಡಕು. ರಾಷ್ಟ್ರೀಯ ವಿಮೆಯಲ್ಲಿ ಆಗ ಚಿಕಿತ್ಸೆಯ ವೆಚ್ಚದ ಅರ್ಧವನ್ನು ರೋಗಿಯೇ ಕೊಡಬೇಕಿತ್ತು. ಕಂಪೆನಿ ನೌಕರನಿಗೆ ಇಷ್ಟು ಭಾರವಿರಲಿಲ್ಲ. ರೈತನಿಗೆ, ಮೀನುಗಾರನಿಗೆ, ಸಣ್ಣ ಅಂಗಡಿಯವನಿಗೆ ಮಾತ್ರ ಅರ್ಧ. ಕೈಯಲ್ಲಿ ನಗದು ಕಾಣದ ಮನೆಗೆ ಅರ್ಧವೂ ಒಂದೇ, ಪೂರ್ತಿಯೂ ಒಂದೇ.

ಹಿಮದ ಹಳ್ಳಿ

ಈಗ ನಾವು ಹೇಳಹೊರಟ ಹಳ್ಳಿಗೆ ಬರೋಣ. ಅದರ ಹೆಸರು ಸವಾವುಚಿ. ಈಶಾನ್ಯ ಜಪಾನಿನ ಇವಾತೆ ಪ್ರಾಂತ್ಯದಲ್ಲಿ, ಓಉ ಬೆಟ್ಟಸಾಲಿನ ಮಡಿಲಲ್ಲಿದ್ದ ಗ್ರಾಮ. ಜನಸಂಖ್ಯೆ ಸುಮಾರು ಆರು ಸಾವಿರ. ಚಳಿಗಾಲದಲ್ಲಿ ಅಲ್ಲಿ ಎರಡು ಮೂರು ಮೀಟರ್ ಎತ್ತರಕ್ಕೆ ಹಿಮ ಬೀಳುತ್ತದೆ. ವರ್ಷದ ಹೆಚ್ಚು ಕಡಿಮೆ ಅರ್ಧಭಾಗ ದಾರಿ ಮುಚ್ಚಿಹೋಗಿ ಹಳ್ಳಿಗೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. ಯಾರಾದರೂ ಕಾಯಿಲೆ ಬಿದ್ದರೆ ಜಾರುಗಾಡಿಗೆ ಕಟ್ಟಿ ಹಿಮದ ಮೇಲೆ ಎಳೆದುಕೊಂಡು ಹೋಗಬೇಕು. ಎಷ್ಟೋ ಮಂದಿ ದಾರಿಯಲ್ಲೇ ಸಾಯುತ್ತಿದ್ದರು. ಇನ್ನೆಷ್ಟೋ ಮಂದಿಗೆ ವೈದ್ಯನ ಮುಖ ಕಾಣುವ ಅವಕಾಶ ಸಿಗುತ್ತಿದ್ದುದು ಸತ್ತ ಮೇಲೆಯೇ, ಮರಣ ಪತ್ರಕ್ಕಾಗಿ.

1950ರ ದಶಕದಲ್ಲಿ ಅಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 70 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಅದೇ ಕಾಲಕ್ಕೆ ಇಡೀ ಜಪಾನಿನ ಸರಾಸರಿ ಸುಮಾರು 40. ಹಿಮ, ಕಾಯಿಲೆ, ಬಡತನ ಇವು ಮೂರು ತಮ್ಮ ಊರಿಗೆ ಹತ್ತಿದ ಶಾಪ ಎಂದು ಹಳ್ಳಿಯವರು ನಂಬಿಬಿಟ್ಟಿದ್ದರು. ವಿಧಿ ಎಂದು ಒಪ್ಪಿಕೊಂಡ ಮೇಲೆ ಯಾರನ್ನು ಕೇಳುವುದು?

1957ರಲ್ಲಿ ಫುಕಝಾವಾ ಮಸಾವೊ ಎಂಬವರು ಗ್ರಾಮಾಧ್ಯಕ್ಷರಾದರು. ಅದೇ ಊರಿನಲ್ಲಿ ಹುಟ್ಟಿದವರು, ಹೊರಗೆ ಹೋಗಿ ಓದಿ ಬಂದವರು, ಗ್ರಾಮದ ಶಿಕ್ಷಣ ಇಲಾಖೆಯನ್ನು ನೋಡಿಕೊಂಡಿದ್ದವರು. ಅಧ್ಯಕ್ಷರಾದ ಮೇಲೆ ಅವರು ದೊಡ್ಡ ಯೋಜನೆಗಳನ್ನು ಘೋಷಿಸಲಿಲ್ಲ. ಊರಿನ ಕೇರಿಕೇರಿಗೆ ಹೋಗಿ ಕೂತು ಜನರ ಮಾತು ಕೇಳಿದರು. ಜನ ಹೇಳಿದ್ದು ಹೆಚ್ಚು ಕಡಿಮೆ ಒಂದೇ. ಚಳಿಗಾಲದಲ್ಲಿ ದಾರಿ ಬೇಕು, ಒಳ್ಳೆಯ ವೈದ್ಯರು ಬೇಕು, ಮಕ್ಕಳು ಉಳಿಯಬೇಕು.

ಹಳ್ಳಿ ಬುಲ್ಡೋಜರ್ ಕೊಂಡಿತು. ತಿನ್ನಲು ಗತಿಯಿಲ್ಲದ ಹಳ್ಳಿಗೆ ಬುಲ್ಡೋಜರ್ ಯಾಕೆ ಎಂದು ನಾವು ಕೇಳಬಹುದು. ಆದರೆ ದಾರಿಯಿಲ್ಲದೆ ವೈದ್ಯ ಬರುವುದೆಲ್ಲಿಂದ? ಹಿಮವನ್ನು ಬದಿಗೆ ಸರಿಸಿ ಚಳಿಗಾಲದಲ್ಲೂ ವಾಹನ ಓಡುವಂತೆ ಮಾಡಿದ್ದು ಆರೋಗ್ಯದ ಮೊದಲ ಕೆಲಸವಾಯಿತು. ಎರಡನೆಯದು ದಾದಿಯರ ನೇಮಕ. ಇವರು ಆಸ್ಪತ್ರೆಯಲ್ಲಿ ಕೂರುವ ದಾದಿಯರಲ್ಲ, ಮನೆಮನೆಗೆ ನಡೆಯುವ ಆರೋಗ್ಯ ದಾದಿಯರು. ರೈತರ ಮನೆಗಳಲ್ಲಿ ಬಾಣಂತನ, ಮಗುವಿನ ಆರೈಕೆ ಎಲ್ಲವೂ ಅತ್ತೆಯಂದಿರ ಕೈಯಲ್ಲಿತ್ತು. ಸೊಸೆ ಹೆರಿಗೆಯ ದಿನದವರೆಗೂ ಗದ್ದೆಯಲ್ಲಿ ದುಡಿಯಬೇಕು, ಹೆತ್ತ ಮೇಲೂ ಬೇಗ ಎದ್ದು ಹೋಗಬೇಕು. ದಾದಿಯರು ಅತ್ತೆಯಂದಿರ ಮನವೊಲಿಸದೆ ಮಗುವಿನ ಹತ್ತಿರ ಹೋಗುವಂತಿರಲಿಲ್ಲ. ನಮ್ಮ ಮನೆಗಳ ಒಳಗನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಆಸ್ಪತ್ರೆ. ಗ್ರಾಮಕ್ಕೆ 1954ರಿಂದಲೇ ಒಂದು ಆಸ್ಪತ್ರೆಯಿತ್ತು, ಆದರೆ ನೆಲೆನಿಲ್ಲುವ ವೈದ್ಯರಿರಲಿಲ್ಲ. ಅಧ್ಯಕ್ಷರು ಸೆಂದೈ ನಗರದ ತೊಹೊಕು ವಿಶ್ವವಿದ್ಯಾಲಯಕ್ಕೆ ಅಲೆದು ವೈದ್ಯರನ್ನು ಕೇಳಿಕೊಂಡರು. 1960ರಿಂದ ಅಲ್ಲಿಂದ ವೈದ್ಯರು ಬರತೊಡಗಿದರು.

ಹೀಗೆ ದಾರಿಯೂ ಆಯಿತು, ವೈದ್ಯರೂ ಬಂದರು. ಆದರೂ ಮುದುಕರು ಆಸ್ಪತ್ರೆಗೆ ಬರುತ್ತಿರಲಿಲ್ಲ. ಯಾಕೆಂದರೆ ಅರ್ಧ ವೆಚ್ಚ ಮನೆಯವರು ಕೊಡಬೇಕು. ದುಡಿಯಲಾಗದ ಜೀವಕ್ಕಾಗಿ ಮಗ ಸೊಸೆಯ ಕೈಯಿಂದ ಹಣ ಖರ್ಚು ಮಾಡಿಸುವುದು ಹೇಗೆ ಎಂಬ ಸಂಕೋಚ ಅವರನ್ನು ಕಟ್ಟಿಹಾಕಿತ್ತು. ನೋವನ್ನು ನುಂಗಿ ಮೂಲೆಯಲ್ಲಿ ಮಲಗುತ್ತಿದ್ದರು. ಇದನ್ನು ಕಂಡ ಗ್ರಾಮಾಡಳಿತ 1960ರ ಡಿಸೆಂಬರಿನಲ್ಲಿ ಒಂದು ತೀರ್ಮಾನ ಮಾಡಿತು. 65 ವರ್ಷ ದಾಟಿದವರು ಆಸ್ಪತ್ರೆಗೆ ಬಂದು ತೋರಿಸಿಕೊಂಡರೆ ಅವರಿಂದ ಒಂದು ಯೆನ್ ಕೂಡ ತೆಗೆದುಕೊಳ್ಳಬಾರದು. ಅವರ ಪಾಲಿನ ಅರ್ಧವನ್ನು ಗ್ರಾಮವೇ ಭರಿಸಬೇಕು.

ಕಾನೂನು ಮತ್ತು ಸಂವಿಧಾನ

ಇಲ್ಲಿಯೇ ಕಾನೂನು ಅಡ್ಡ ಬಂತು. ರೋಗಿ ತನ್ನ ಪಾಲನ್ನು ಕೊಡಲೇಬೇಕು ಎಂಬುದು ರಾಷ್ಟ್ರೀಯ ಆರೋಗ್ಯ ವಿಮಾ ಕಾನೂನಿನ ನಿಯಮ. ಒಂದು ಹಳ್ಳಿ ತನ್ನಿಷ್ಟದಂತೆ ಅದನ್ನು ಮನ್ನಾ ಮಾಡಿದರೆ ಅದು ಕಾನೂನಿನ ಉಲ್ಲಂಘನೆ ಎಂದು ಪ್ರಾಂತ್ಯದ ಅಧಿಕಾರಿಗಳು ಎಚ್ಚರಿಸಿದರು. ಅವರ ಮಾತಿನಲ್ಲೂ ತರ್ಕವಿಲ್ಲದೆ ಇರಲಿಲ್ಲ. ಇಡೀ ದೇಶಕ್ಕೆ ಒಂದೇ ನಿಯಮ ಬೇಕು, ಒಂದೊಂದು ಊರು ಒಂದೊಂದು ದಾರಿ ಹಿಡಿದರೆ ವಿಮೆ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ.

ಫುಕಝಾವಾ ಅವರ ಉತ್ತರ ಜಪಾನಿನಲ್ಲಿ ಇಂದಿಗೂ ನೆನಪಿನಲ್ಲಿದೆ. ತಾವು ಮಾಡುತ್ತಿರುವುದು ವಿಮಾ ಕಾನೂನಿಗೆ ವಿರುದ್ಧವಿರಬಹುದು, ಆದರೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದರು ಅವರು. ಬೇಕಿದ್ದರೆ ನ್ಯಾಯಾಲಯಕ್ಕೆ ಹೋಗಲಿ, ಕೊನೆಯ ನ್ಯಾಯಾಲಯದವರೆಗೂ ವಾದಿಸುತ್ತೇವೆ ಎಂದರು. ಸರಕಾರ ಮಾಡಬೇಕಾದದ್ದನ್ನು ಮಾಡುತ್ತಿಲ್ಲವಾದ್ದರಿಂದ ಹಳ್ಳಿ ಮಾಡುತ್ತಿದೆ, ಸರಕಾರ ಮುಂದೊಂದು ದಿನ ಹಿಂದಿನಿಂದ ಬಂದೇ ಬರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಅವರು ಹೇಳಿದ ಸಂವಿಧಾನ 1947ರಲ್ಲಿ ಜಾರಿಗೆ ಬಂದದ್ದು. ಅದರ 25ನೇ ವಿಧಿಯು ಆರೋಗ್ಯಪೂರ್ಣವೂ ಸುಸಂಸ್ಕೃತವೂ ಆದ ಕನಿಷ್ಠ ಮಟ್ಟದ ಬದುಕು ಪ್ರತಿ ಪ್ರಜೆಯ ಹಕ್ಕು ಎನ್ನುತ್ತದೆ. ಈ ವಿಧಿ ಆ ದಿನಗಳಲ್ಲಿ ದೇಶದ ಚರ್ಚೆಯಲ್ಲಿತ್ತು. ಅಸಾಹಿ ಶಿಗೆರು ಎಂಬ ಕ್ಷಯರೋಗಿ, ಸರಕಾರ ತಿಂಗಳಿಗೆ ಕೊಡುತ್ತಿದ್ದ 600 ಯೆನ್ ಕೈಖರ್ಚಿನಲ್ಲಿ ಮನುಷ್ಯನಂತೆ ಬದುಕಲಾಗದು ಎಂದು 1957ರಲ್ಲಿ ಮೊಕದ್ದಮೆ ಹೂಡಿದ್ದರು. 1960ರ ಅಕ್ಟೋಬರಿನಲ್ಲಿ ಟೋಕಿಯೊದ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮೇಲಿನ ನ್ಯಾಯಾಲಯದಲ್ಲಿ ಆ ತೀರ್ಪು ನಿಲ್ಲಲಿಲ್ಲ, 1964ರಲ್ಲಿ ಅವರೇ ತೀರಿಕೊಂಡರು. ಆದರೆ ಹಾಸಿಗೆ ಹಿಡಿದ ಒಬ್ಬ ರೋಗಿ ಮತ್ತು ಹಿಮದಲ್ಲಿ ಮುಳುಗಿದ ಒಂದು ಹಳ್ಳಿ, ಒಬ್ಬರನ್ನೊಬ್ಬರು ಅರಿಯದೆ, ಎರಡು ತಿಂಗಳ ಅಂತರದಲ್ಲಿ ಒಂದೇ ಪುಟವನ್ನು ತೆರೆದು ತೋರಿಸಿದ್ದು ಸಣ್ಣ ಮಾತಲ್ಲ.

1961ರ ಏಪ್ರಿಲಿನಲ್ಲಿ, ಅಂದರೆ ಇಡೀ ದೇಶಕ್ಕೆ ವಿಮೆ ಜಾರಿಯಾದ ಅದೇ ತಿಂಗಳಲ್ಲಿ, ಸವಾವುಚಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 60 ವರ್ಷ ದಾಟಿದ ಎಲ್ಲರಿಗೂ, ಒಂದು ವರ್ಷದೊಳಗಿನ ಎಲ್ಲ ಶಿಶುಗಳಿಗೂ ಚಿಕಿತ್ಸೆ ಉಚಿತವಾಯಿತು. 1962ರಲ್ಲಿ ಆ ಹಳ್ಳಿಯಲ್ಲಿ ಒಂದು ಶಿಶುವೂ ಸಾಯಲಿಲ್ಲ. ಜಪಾನಿನಲ್ಲಿ ಈ ಸಾಧನೆ ಮಾಡಿದ ಮೊದಲ ಗ್ರಾಮ ಅದು. ಐದು ವರ್ಷಗಳ ಹಿಂದೆ ಸಾವಿರಕ್ಕೆ ಸುಮಾರು 70, ಈಗ ಸೊನ್ನೆ.

ಉಚಿತ ಎಂದ ಮಾತ್ರಕ್ಕೆ ಇದು ಆಗಲಿಲ್ಲ. ಉಚಿತವಾಗಿದ್ದರಿಂದ ಜನ ಬೇಗ ಬಂದರು. ಬೇಗ ಬಂದುದರಿಂದ ಕಾಯಿಲೆ ಸಣ್ಣದಿದ್ದಾಗಲೇ ಗೊತ್ತಾಯಿತು. ದಾದಿಯರು ಮನೆಗೆ ಹೋಗಿ ನೋಡುತ್ತಿದ್ದರು, ವೈದ್ಯರು ಕೇರಿಗಳಿಗೆ ಹೋಗಿ ತಪಾಸಣೆ ಮಾಡುತ್ತಿದ್ದರು. ತಡೆಯುವುದು, ಗುಣಪಡಿಸುವುದು, ಮತ್ತೆ ಬದುಕಿಗೆ ನಿಲ್ಲಿಸುವುದು ಎಲ್ಲವೂ ಒಂದೇ ಕೈಯಲ್ಲಿತ್ತು. ಹಣ ಕೊಡುವ ಕಚೇರಿ, ರೋಗಿಯ ಮನೆಯ ಬಾಗಿಲು ಬಲ್ಲ ದಾದಿ, ಚಿಕಿತ್ಸೆ ಕೊಡುವ ವೈದ್ಯ, ಈ ಮೂವರೂ ಒಬ್ಬರಿಗೊಬ್ಬರು ಗೊತ್ತಿದ್ದರು. ಉಚಿತ ಮಾಡಿದರೆ ಖರ್ಚು ಆಕಾಶಕ್ಕೇರುತ್ತದೆ ಎಂಬ ಭಯವೂ ಇಲ್ಲಿ ನಿಜವಾಗಲಿಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿಯ ವೃದ್ಧರ ತಲಾ ಚಿಕಿತ್ಸಾ ವೆಚ್ಚ ಪ್ರಾಂತ್ಯದ ಸರಾಸರಿಗಿಂತ ಕಡಿಮೆಯಿತ್ತು.

ಫುಕಝಾವಾ 1965ರ ಜನವರಿಯಲ್ಲಿ ಅನ್ನನಾಳದ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೊರ ಊರಿನ ಆಸ್ಪತ್ರೆಯಿಂದ ಅವರ ದೇಹವನ್ನು ತಂದಾಗ ಹಳ್ಳಿಯ ಜನ ಸುರಿಯುವ ಹಿಮದಲ್ಲಿ ದಾರಿಯ ಇಬ್ಬದಿಗೆ ನಿಂತಿದ್ದರಂತೆ. ಅವರೇ ತೆರೆಸಿದ ದಾರಿ ಅದು.

ಸರಕಾರ ಹಿಂದೆ ಬಂತು, ಹಿಂದಕ್ಕೂ ಹೋಯಿತು

ಅವರ ನಂಬಿಕೆ ಸುಳ್ಳಾಗಲಿಲ್ಲ. 1967ರಲ್ಲಿ ಟೋಕಿಯೊದ ಗವರ್ನರ್ ಆದ ಮಿನೊಬೆ ರ್‍ಯೊಕಿಚಿ 1969ರ ಡಿಸೆಂಬರಿನಲ್ಲಿ ರಾಜಧಾನಿಯ 70 ದಾಟಿದ ವೃದ್ಧರಿಗೆ ಚಿಕಿತ್ಸೆ ಉಚಿತ ಮಾಡಿದರು. ಒಂದರ ಹಿಂದೊಂದು ಪ್ರಾಂತ್ಯಗಳು ಅದೇ ದಾರಿ ಹಿಡಿದವು. ಕೊನೆಗೆ ಕೇಂದ್ರ ಸರಕಾರವೂ ಬಂತು. 1973ರ ಜನವರಿಯಿಂದ ದೇಶದ ಎಲ್ಲೆಡೆ 70 ದಾಟಿದವರಿಗೆ ಉಚಿತ ಚಿಕಿತ್ಸೆ. ಆ ವರ್ಷವನ್ನು ಕಲ್ಯಾಣದ ಮೊದಲ ವರ್ಷ ಎಂದು ಕರೆದರು. ಹಳ್ಳಿಯ ಅಪರಾಧ ಹನ್ನೆರಡು ವರ್ಷಗಳಲ್ಲಿ ದೇಶದ ಕಾನೂನಾಯಿತು.

ಆದರೆ ಅದೇ ವರ್ಷದ ಕೊನೆಗೆ ಅರಬ್ ಇಸ್ರೇಲ್ ಯುದ್ಧದ ಬೆನ್ನಿಗೆ ತೈಲದ ಬೆಲೆ ಏರಿತು. ಜಪಾನಿನ ಅರ್ಥವ್ಯವಸ್ಥೆ ತತ್ತರಿಸಿತು. ಆಸ್ಪತ್ರೆಗಳು ಮುದುಕರ ಹರಟೆಕಟ್ಟೆಯಾಗಿವೆ ಎಂಬ ಟೀಕೆ ಎದ್ದಿತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ದೇಶ ಸವಾವುಚಿಯಿಂದ ಉಚಿತ ಎಂಬ ಮಾತನ್ನು ತೆಗೆದುಕೊಂಡಿತು, ಮನೆಮನೆಗೆ ನಡೆಯುವ ದಾದಿಯನ್ನು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. 1982ರಲ್ಲಿ ವೃದ್ಧರ ಆರೋಗ್ಯ ಕಾನೂನು ಬಂತು. 1983ರ ಫೆಬ್ರವರಿಯಿಂದ ವೃದ್ಧರು ಹೊರರೋಗಿಯಾಗಿ ತಿಂಗಳಿಗೆ 400 ಯೆನ್, ಒಳರೋಗಿಯಾಗಿ ಎರಡು ತಿಂಗಳವರೆಗೆ ದಿನಕ್ಕೆ 300 ಯೆನ್ ಕೊಡಬೇಕಾಯಿತು. ಸಣ್ಣ ಮೊತ್ತವೇ. ಆದರೆ ಮುಚ್ಚಿದ್ದ ಬಾಗಿಲೊಂದು ಮತ್ತೆ ತೆರೆಯಿತು. ಸವಾವುಚಿ ಮಾತ್ರ ತನ್ನ ಹಣದಿಂದ ಉಚಿತ ಚಿಕಿತ್ಸೆಯನ್ನು ಮುಂದುವರಿಸಿತು.

1984ರ ತಿದ್ದುಪಡಿ ಇನ್ನೂ ಆಳಕ್ಕೆ ಕೊಯ್ಯಿತು. ಅಲ್ಲಿಯವರೆಗೆ ರಾಷ್ಟ್ರೀಯ ವಿಮೆಗೆ ಕೇಂದ್ರದ ಪಾಲು ಒಟ್ಟು ವೈದ್ಯಕೀಯ ವೆಚ್ಚದ ಶೇಕಡಾ 45ರಷ್ಟಿತ್ತು. ಅದನ್ನು ಸುಮಾರು 38ಕ್ಕೆ ಇಳಿಸಿದರು. ಕಡಿಮೆಯಾದ ಹಣ ಎಲ್ಲಿಂದ ಬರಬೇಕು? ಊರಿನವರ ಕಂತಿನಿಂದ, ಇಲ್ಲವೇ ಊರಿನ ಸಾಮಾನ್ಯ ಖಜಾನೆಯಿಂದ. ಅದೇ ಕಾಲದಿಂದ ಇನ್ನೊಂದು ವಿಚಿತ್ರ ನಿಯಮವೂ ನಡೆಯತೊಡಗಿತು. ಯಾವ ಊರು ತನ್ನ ಹಣದಿಂದ ಮಕ್ಕಳಿಗೆ, ಅಂಗವಿಕಲರಿಗೆ ಚಿಕಿತ್ಸೆಯನ್ನು ಉಚಿತ ಮಾಡುತ್ತದೋ ಆ ಊರಿಗೆ ಕೇಂದ್ರದ ನೆರವಿನಲ್ಲಿ ಕಡಿತ. ಉಚಿತ ಮಾಡಿದರೆ ಜನ ಹೆಚ್ಚು ಬರುತ್ತಾರೆ, ಹೆಚ್ಚಿದ ವೆಚ್ಚಕ್ಕೆ ತಾನು ಹೊಣೆಯಲ್ಲ ಎಂಬುದು ಕೇಂದ್ರದ ವಾದ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ದಂಡ ಎಂದು ಊರುಗಳು ದಶಕಗಳ ಕಾಲ ದೂರಿದವು. ಈ ಕಡಿತ ಶಾಲೆ ಸೇರುವ ಮೊದಲಿನ ಮಕ್ಕಳ ಮಟ್ಟಿಗೆ ನಿಂತದ್ದು 2018ರಲ್ಲಿ, 18ರೊಳಗಿನ ಎಲ್ಲ ಮಕ್ಕಳ ಮಟ್ಟಿಗೆ ನಿಂತದ್ದು 2024ರಲ್ಲಿ.

ಕಾರ್ಡ್ ಇಲ್ಲದ ಮಕ್ಕಳು

ಈ ನಡುವೆ ವಿಮೆಯೊಳಗಿನ ಜನರೇ ಬದಲಾಗಿದ್ದರು. 1960ರ ದಶಕದಲ್ಲಿ ಈ ವಿಮೆಯಲ್ಲಿದ್ದವರಲ್ಲಿ ಹೆಚ್ಚಿನವರು ರೈತರು, ಮೀನುಗಾರರು, ಸ್ವಂತ ಕಸುಬಿನವರು. ಕಾಲ ಕಳೆದಂತೆ ಕೆಲಸದಿಂದ ನಿವೃತ್ತರಾದವರು, ಕೆಲಸ ಕಳೆದುಕೊಂಡವರು, ಕಂಪೆನಿ ವಿಮೆ ಸಿಗದ ಅರೆಕಾಲಿಕ ನೌಕರರು ಇದರಲ್ಲಿ ತುಂಬಿಕೊಂಡರು. ಆದಾಯ ಕಡಿಮೆ, ಕಾಯಿಲೆ ಹೆಚ್ಚು. ಕಂತು ಏರಿತು, ಕಟ್ಟಲಾಗದವರ ಸಂಖ್ಯೆಯೂ ಏರಿತು.

1987ರಲ್ಲಿ ಬಾಕಿದಾರರಿಂದ ವಿಮಾ ಕಾರ್ಡನ್ನು ಹಿಂದಕ್ಕೆ ಪಡೆಯಲು ಕಾನೂನು ಅವಕಾಶ ಕೊಟ್ಟಿತು. ಅದರ ಬದಲಿಗೆ ಒಂದು ಪ್ರಮಾಣಪತ್ರ. ಅದನ್ನು ಹಿಡಿದು ಹೋದವನು ಆಸ್ಪತ್ರೆಯಲ್ಲಿ ಪೂರ್ತಿ ಹಣ ಮೊದಲು ಕಟ್ಟಬೇಕು. ಕಂತು ಕಟ್ಟಲಾಗದವನು ಪೂರ್ತಿ ಹಣ ಎಲ್ಲಿಂದ ತರಬೇಕು? ಮೊದಲು ಇದು ಊರಿನ ವಿವೇಚನೆಗೆ ಬಿಟ್ಟದ್ದಾಗಿತ್ತು. 2000ದಿಂದ ಕಡ್ಡಾಯವಾಯಿತು. ತನ್ನ ಕಣ್ಣೆದುರಿನ ಕುಟುಂಬದ ಕಷ್ಟ ಬಲ್ಲ ಗುಮಾಸ್ತನ ಕೈಯಿಂದ ಕರುಣೆಯನ್ನೂ ಕಾನೂನು ಕಿತ್ತುಕೊಂಡಿತು.

2008ರಲ್ಲಿ ಸರಕಾರವೇ ನಡೆಸಿದ ಸಮೀಕ್ಷೆಯಲ್ಲಿ ಇಂಥ ಕುಟುಂಬಗಳು ಸುಮಾರು 3 ಲಕ್ಷ 30 ಸಾವಿರ ಎಂದು ಗೊತ್ತಾಯಿತು. ಆ ಮನೆಗಳಲ್ಲಿ ಮಾಧ್ಯಮಿಕ ಶಾಲೆಯ ವಯಸ್ಸಿನವರೆಗಿನ ಮಕ್ಕಳು ಸುಮಾರು 33 ಸಾವಿರ. ಜಗತ್ತಿಗೇ ಮಾದರಿ ಎನಿಸಿದ ದೇಶದಲ್ಲಿ ಅಪ್ಪನ ಬಾಕಿಗಾಗಿ ಮಗುವಿನ ಕೈಯಲ್ಲಿ ಕಾರ್ಡ್ ಇಲ್ಲ. ದೇಶ ನಾಚಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾನೂನು ತಿದ್ದಿ ಈ ಮಕ್ಕಳಿಗೆ ಕಾರ್ಡ್ ಕೊಡುವ ವ್ಯವಸ್ಥೆಯಾಯಿತು. 2010ರಲ್ಲಿ ಅದನ್ನು ಪ್ರೌಢಶಾಲೆಯ ವಯಸ್ಸಿನವರಿಗೂ ವಿಸ್ತರಿಸಿದರು.

ಇನ್ನೊಂದು ದೊಡ್ಡ ಬದಲಾವಣೆ 2015ರ ಮೇ ತಿಂಗಳಲ್ಲಿ ಅಂಗೀಕಾರವಾಯಿತು. 1,700ಕ್ಕೂ ಹೆಚ್ಚು ಊರುಗಳು ಬೇರೆ ಬೇರೆಯಾಗಿ ನಡೆಸುತ್ತಿದ್ದ ವಿಮೆಯ ಹಣಕಾಸಿನ ಹೊಣೆಯನ್ನು 2018ರ ಏಪ್ರಿಲಿನಿಂದ 47 ಪ್ರಾಂತ್ಯಗಳಿಗೆ ವಹಿಸಲಾಯಿತು. ಇದಕ್ಕೆ ಕಾರಣವಿತ್ತು ಎಂಬುದನ್ನು ನಾವು ಒಪ್ಪಬೇಕು. ಕೆಲವೇ ನೂರು ಜನರ ವಿಮೆ ನಡೆಸುವ ಗ್ರಾಮದಲ್ಲಿ ಇಬ್ಬರಿಗೆ ದುಬಾರಿ ಕಾಯಿಲೆ ಬಂದರೆ ಇಡೀ ಊರಿನ ಲೆಕ್ಕ ಮುಗಿಯಿತು. ಭಾರವನ್ನು ಹೆಚ್ಚು ಹೆಗಲುಗಳಿಗೆ ಹಂಚುವುದು ನ್ಯಾಯವೇ.

ಆದರೆ ಸ್ಥಳೀಯಾಡಳಿತಗಳ ಆತಂಕಕ್ಕೂ ಕಾರಣವಿತ್ತು. ಕೊರತೆಯ ಬೇರನ್ನು ಸರಿಪಡಿಸದೆ ಹೊಣೆಯನ್ನಷ್ಟೇ ದಾಟಿಸಬೇಡಿ ಎಂದು ಪ್ರಾಂತ್ಯಗಳ ಗವರ್ನರುಗಳು ಪಟ್ಟು ಹಿಡಿದರು. ಕೊನೆಗೆ ಕೇಂದ್ರ ವರ್ಷಕ್ಕೆ 34,000 ಕೋಟಿ ಯೆನ್ ಹೆಚ್ಚುವರಿ ನೆರವಿಗೆ ಒಪ್ಪಿತು. ಊರುಗಳ ಚಿಂತೆ ಬೇರೆ. ಎಷ್ಟೋ ಊರುಗಳು ಕಂತು ಏರದಂತೆ ತಮ್ಮ ಖಜಾನೆಯಿಂದ ಹಣ ಹಾಕುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಅದನ್ನು ನಿಲ್ಲಿಸುವ ಒತ್ತಡ, ಪ್ರಾಂತ್ಯದ ತುಂಬ ಒಂದೇ ಕಂತು ಮಾಡುವ ಗುರಿ. ವೈದ್ಯರು ತುಂಬಿರುವ ನಗರಕ್ಕೂ ವೈದ್ಯನಿಲ್ಲದ ಬೆಟ್ಟದ ಊರಿಗೂ ಒಂದೇ ಕಂತು ಎಂದರೆ ಅದು ಸಮಾನತೆಯೇ? ವಿಮೆಯಿದ್ದೂ ಚಿಕಿತ್ಸೆಯಿಲ್ಲ ಎಂಬ ಹಳೆಯ ಮಾತು ಮತ್ತೆ ನೆನಪಾಗುವುದಿಲ್ಲವೇ?

2024ರ ಡಿಸೆಂಬರ್ 2ರಿಂದ ಹಳೆಯ ವಿಮಾ ಕಾರ್ಡುಗಳನ್ನು ಹೊಸದಾಗಿ ಕೊಡುವುದೂ ನಿಂತಿತು. ಎಲ್ಲವೂ ನಮ್ಮ ಆಧಾರ್‌ನಂಥ 'ಮೈ ನಂಬರ್' ಕಾರ್ಡಿಗೆ ಸೇರಿತು. ಬಾಕಿದಾರರಿಗೆ ಕೊಡುತ್ತಿದ್ದ ಪ್ರಮಾಣಪತ್ರ ಹೋಯಿತು. ಮೊದಲು ಪೂರ್ತಿ ಹಣ ಕಟ್ಟಿಸಿಕೊಳ್ಳುವ ನಿಯಮ ಹೋಗಲಿಲ್ಲ. ಆ ಕಾರ್ಡ್ ಇರುವವರು, ಇಲ್ಲದವರು ಎಂದು ನೋಡದೆ ರಾಷ್ಟ್ರೀಯ ವಿಮೆಯ ಎಲ್ಲರಿಗೂ ದೃಢೀಕರಣ ಪತ್ರ ಕಳಿಸುತ್ತೇವೆ ಎಂದು 2025ರಲ್ಲಿ ಟೋಕಿಯೊದ ಸೆಟಗಾಯಾ ಮತ್ತು ಶಿಬುಯಾ ವಾರ್ಡುಗಳು ತೀರ್ಮಾನಿಸಿದಾಗ, ಅದರ ಅಗತ್ಯವಿಲ್ಲ ಎಂಬುದು ಕೇಂದ್ರದ ನಿಲುವಾಗಿತ್ತು.

ಹಕ್ಕು ಎಂಬ ಮಾತು

ನಾವು ಕನ್ನಡದಲ್ಲಿ ದಿನನಿತ್ಯ ಬಳಸುವ 'ಹಕ್ಕು' ಎಂಬ ಪದ ಅರಬಿಯ 'ಹಖ್'ನಿಂದ ಬಂದದ್ದು. ಉರ್ದುವಿನಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ, ಸಲ್ಲಬೇಕಾದ ಪಾಲು ಎಂಬ ಅರ್ಥವೂ ಇದೆ. ಖೈರಾತು ಕೊಡುವವನ ಇಷ್ಟ. ಹಖ್ ಹಾಗಲ್ಲ, ಕೊಡದಿದ್ದರೆ ಕೇಳಬಹುದು, ಕೇಳಿದರೆ ಉತ್ತರ ಕೊಡಬೇಕು. ಖಲೀಫಾ ಉಮರ್ ಅವರ ಬಗ್ಗೆ ನಾವೆಲ್ಲ ಕೇಳುತ್ತಾ ಬೆಳೆದ ಕಥನವೊಂದಿದೆ. ತನ್ನ ಆಡಳಿತದಲ್ಲಿ ದೂರದ ಫುರಾತ್ ನದಿಯ ದಂಡೆಯಲ್ಲಿ ಒಂದು ಪ್ರಾಣಿ ಸತ್ತರೂ ಅದಕ್ಕೆ ತಾನು ಉತ್ತರಿಸಬೇಕಾದೀತು ಎಂದು ಅವರು ಅಂಜುತ್ತಿದ್ದರಂತೆ. ರಾಜಧಾನಿಯಲ್ಲಿ ಕೂತವನಿಗೆ ಇರಬೇಕಾದ ಭಯ ಅದು. ಆ ಭಯ ಅಲ್ಲಿ ಕಡಿಮೆಯಾದಾಗ ನದಿಯ ದಂಡೆಯಲ್ಲೇ ಇರುವವನು ದನಿ ಎತ್ತಬೇಕಾಗುತ್ತದೆ.

ದೇಶದ ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. ಬಡ ಹಳ್ಳಿ ತನ್ನಷ್ಟಕ್ಕೆ ಬಿಟ್ಟರೆ ಮುಳುಗುತ್ತದೆ, ಫುಕಝಾವಾ ಅವರಂಥ ಅಧ್ಯಕ್ಷರು ಎಲ್ಲ ಊರಿಗೂ ಸಿಗುವುದಿಲ್ಲ. ಆದ್ದರಿಂದಲೇ ಎಲ್ಲರಿಗೂ ಒಂದು ಕನಿಷ್ಠ ಮಟ್ಟವನ್ನು ಕಾನೂನು ಹಾಕಿಕೊಡಬೇಕು. ಆದರೆ ಆ ಕನಿಷ್ಠವೇ ಗರಿಷ್ಠವಾಗಿಬಿಟ್ಟರೆ, ಅದಕ್ಕಿಂತ ಹೆಚ್ಚು ಮಾಡಿದವನಿಗೆ ದಂಡ ಬಿದ್ದರೆ, ಕಾನೂನು ತಾನು ಹುಟ್ಟಿದ ಮನೆಯನ್ನೇ ಮರೆತಂತೆ. ಮುನಕಾತಾದ ಅಕ್ಕಿ ಇಲ್ಲದಿದ್ದರೆ 1938 ಇರುತ್ತಿತ್ತೇ? ಸವಾವುಚಿಯ ಹಟ ಇಲ್ಲದಿದ್ದರೆ 1973 ಇರುತ್ತಿತ್ತೇ?

2005ರ ನವೆಂಬರಿನಲ್ಲಿ ಸವಾವುಚಿ ಪಕ್ಕದ ಯುದಾ ಪಟ್ಟಣದೊಂದಿಗೆ ಸೇರಿ ನಿಶಿವಾಗಾ ಎಂಬ ಹೊಸ ಪಟ್ಟಣವಾಯಿತು. ಆ ಹೆಸರಿನ ಗ್ರಾಮಾಡಳಿತ ಇಂದು ಇಲ್ಲ. ಹಿಮ ಈಗಲೂ ಬೀಳುತ್ತದೆ, ಯುವಕರು ನಗರಗಳಿಗೆ ಹೋಗಿದ್ದಾರೆ, ಉಳಿದವರಲ್ಲಿ ವೃದ್ಧರೇ ಹೆಚ್ಚು. ಕಾನೂನು ಮುಂದೆಯೂ ಬದಲಾಗುತ್ತದೆ, ಬದಲಾಗಲೇಬೇಕು. ಬದಲಾಗುವಾಗ ಊರಿನ ಕಚೇರಿಯ ಕಿಟಕಿಯ ಹಿಂದೆ ಕೂತವರನ್ನೂ ಕಿಟಕಿಯ ಮುಂದೆ ನಿಂತವರನ್ನೂ ಮೊದಲು ಕೇಳಬೇಕು. ಯಾವ ಮನೆಯ ಮುದುಕಿ ಸಂಕೋಚಪಟ್ಟು ನೋವು ನುಂಗುತ್ತಿದ್ದಾಳೆ ಎಂಬುದು ಅವರಿಗೆ ಹೆಸರು ಹಿಡಿದು ಗೊತ್ತಿರುತ್ತದೆ.